ಕೂಡಿಟ್ಟ ನಿನ್ನೆಗಳು ಮತ್ತು ನಿರ್ಜರೆ

ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಮನೆ ಕಂಪ್ಯೂಟರಿನಲ್ಲಿ ಸಿ ಡ್ರೈವಿನ ಜಾಗ ಕಾರಣ ತಿಳಿಯದೆ ಕರಗುತ್ತ ಹೋದರೆ, ಅದರ ದೊಡ್ಡ ಪಾಲು ಅನೇಕ ಸಲ ಸಿಗುವುದು ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್’ ಎಂಬ ಫೋಲ್ಡರಿನಲ್ಲಿ. ಸಾಮಾನ್ಯವಾಗಿ ಅದು ಕಣ್ಣಿಗೆ ಬೀಳುವುದಿಲ್ಲ. ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ, ಅಡಗಿದ ಫೈಲುಗಳನ್ನು ತೋರಿಸಲು ಹೇಳಿ, ಸಿಸ್ಟಂ ಫೈಲುಗಳನ್ನು ಮರೆಮಾಡುವ ಗುರುತನ್ನೂ ತೆಗೆದಾಗ ಮಸುಕು ಹಳದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಎನ್‌ಟಿಎಫ್‌ಎಸ್ ಡಿಸ್ಕಾದರೆ ಎರಡು ಸಲ ಕ್ಲಿಕ್ ಮಾಡಿದರೂ ತೆರೆಯದೆ ‘ಆಕ್ಸೆಸ್ ಈಸ್ ಡಿನೈಡ್’ ಎನ್ನುತ್ತದೆ. ಒಳಗೆ ಆರ್‌ಪಿ1, ಆರ್‌ಪಿ2, ಆರ್‌ಪಿ3 ಎಂದು ಸಂಖ್ಯೆ ಹೊತ್ತ ಫೋಲ್ಡರುಗಳು ಸಾಲಾಗಿವೆ. ಒಂದೊಂದರಲ್ಲೂ ಆ ಕಂಪ್ಯೂಟರಿನ ಒಂದೊಂದು ನಿನ್ನೆ ಇದೆ. ಆ ನಿನ್ನೆಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಯಾವ ಕ್ರಮದಲ್ಲಿ ಬಿಡಬೇಕು ಎಂಬುದು ಮೇಲ್ನೋಟಕ್ಕೆ ದುರಸ್ತಿಯ ಪ್ರಶ್ನೆ. ಕೂಡಿಕೆಯ ಬಗ್ಗೆ, ಕಳಚಿಕೊಳ್ಳುವುದರ ಬಗ್ಗೆ ಬಹಳ ಸೂಕ್ಷ್ಮವಾಗಿ ವಿಚಾರ ಮಾಡಿದ ಜೈನ ದರ್ಶನದ ಪ್ರಶ್ನೆಯೂ ಇದಕ್ಕೆ ತೀರ ಹತ್ತಿರದ್ದು.

ಫೋಲ್ಡರನ್ನು ತುಂಬುವುದು ಸಿಸ್ಟಂ ರಿಸ್ಟೋರ್ ಎಂಬ ಸೌಲಭ್ಯ. 2000ದ ವಿಂಡೋಸ್ ಎಂಇಯಲ್ಲಿ ಮೊದಲು ಬಂದು, 2001ರ ಎಕ್ಸ್‌ಪಿಯ ಜೊತೆಗೆ ಅದು ಮನೆಮನೆಗೂ ತಲುಪಿತು. ಕಂಪ್ಯೂಟರ್ ಚಾಲೂ ಇದ್ದರೆ ಸುಮಾರು 24 ಗಂಟೆಗೊಮ್ಮೆ ಅದು ಒಂದು ರಿಸ್ಟೋರ್ ಪಾಯಿಂಟನ್ನು, ಅಂದರೆ ಬೇಕಾದಾಗ ಮರಳಬಹುದಾದ ಒಂದು ನಿನ್ನೆಯನ್ನು, ಮಾಡಿಡುತ್ತದೆ. ವಿಂಡೋಸ್ ಅಪ್‌ಡೇಟ್ ಬಂದಾಗ, ಅನೇಕ ಹೊಸ ತಂತ್ರಾಂಶಗಳನ್ನು ಹಾಕುವಾಗ ಇನ್ನೊಂದು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯ ಒಂದು ಪ್ರತಿ ‘ಸ್ನ್ಯಾಪ್‌ಶಾಟ್’ ಎಂಬ ಫೋಲ್ಡರಿಗೆ ಹೋಗುತ್ತದೆ. ಆಮೇಲೆ ಬದಲಾಗುವ ಅಥವಾ ಅಳಿಯುವ ಸಿಸ್ಟಂ ಫೈಲುಗಳ ಹಳೆಯ ಪ್ರತಿಗಳು ಎ0001234.ಡಿಎಲ್‌ಎಲ್ ಎಂಬಂಥ ಹೆಸರು ತೊಟ್ಟು ಅದರ ಪಕ್ಕ ಸೇರುತ್ತವೆ. ಯಾವ ಫೈಲು ಎಲ್ಲಿಂದ ಬಂದದ್ದು ಎಂಬ ಲೆಕ್ಕ ಚೇಂಜ್ ಲಾಗ್‌ನಲ್ಲಿರುತ್ತದೆ. 4 ಜಿಬಿಗಿಂತ ದೊಡ್ಡ ಡ್ರೈವಿನಲ್ಲಿ ಈ ಸಂಗ್ರಹಕ್ಕೆ ಶೇಕಡಾ 12ರಷ್ಟು ಜಾಗ ಮೀಸಲು. 40 ಜಿಬಿಯ ಡಿಸ್ಕಿನಲ್ಲಿ ಅದು 4.8 ಜಿಬಿ ಆಗುತ್ತದೆ.

ಜೈನರಲ್ಲಿ ದಿಗಂಬರ, ಶ್ವೇತಾಂಬರ ಎರಡೂ ಪಂಥಗಳು ಒಪ್ಪುವ ತತ್ತ್ವಾರ್ಥಸೂತ್ರ ಕರ್ಮವನ್ನು ಸೂಕ್ಷ್ಮ ಪುದ್ಗಲವೆಂದು, ಅಂದರೆ ಜಡವಸ್ತುವೆಂದೇ ಕಾಣುತ್ತದೆ. ಮನಸ್ಸು, ಮಾತು, ಮೈಗಳ ಚಲನೆಯಿಂದ ಅದು ಜೀವದೊಳಗೆ ಹರಿದು ಬರುವುದು ಆಸ್ರವ. ಬಂದದ್ದು ಅಂಟಿ ನಿಲ್ಲುವುದು ಬಂಧ. ಈ ಬಂಧವನ್ನು ನಾಲ್ಕು ಬಗೆಯಲ್ಲಿ ಅಳೆಯಬೇಕೆಂಬುದು ಆ ಗ್ರಂಥದ ಎಂಟನೆಯ ಅಧ್ಯಾಯದ ವಿಚಾರ: ಅಂಟಿದ್ದು ಯಾವ ಬಗೆಯದು ಎಂಬುದು ಪ್ರಕೃತಿ, ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಸ್ಥಿತಿ, ಫಲ ಎಷ್ಟು ತೀವ್ರ ಎಂಬುದು ಅನುಭಾಗ, ರಾಶಿ ಎಷ್ಟು ಎಂಬುದು ಪ್ರದೇಶ. ತುಂಬಿದ ಬ್ಯಾಕಪ್ ಫೋಲ್ಡರಿನ ಮುಂದೆ ಕುಳಿತ ಮನೆಯವರು ನೋಡುವುದು ಈ ನಾಲ್ಕರಲ್ಲಿ ಕೊನೆಯದನ್ನು ಮಾತ್ರ. ಎಷ್ಟು ಜಿಬಿ ಹಿಡಿದಿದೆ ಎಂದು ನೋಡಿ ಗಾಬರಿಯಾಗಿ, ಸಿಕ್ಕಿದ್ದನ್ನೆಲ್ಲ ಅಳಿಸಲು ಹೊರಡುತ್ತಾರೆ. ಅನಾಹುತ ಶುರುವಾಗುವುದು ಅಲ್ಲಿಂದ. ವಿಂಡೋಸ್ ಫೋಲ್ಡರಿನೊಳಗೆ ನೀಲಿ ಅಕ್ಷರದಲ್ಲಿ ಕಾಣುವ $ಎನ್‌ಟಿ‌ಅನ್‌ಇನ್‌ಸ್ಟಾಲ್‌ಕೆಬಿ ಎಂಬ ಹೆಸರಿನ ಫೋಲ್ಡರುಗಳ ಸಾಲು ಹಳೆಯ ಅಪ್‌ಡೇಟುಗಳನ್ನು ಹಿಂದೆಗೆಯಲು ಮಾತ್ರ ಬೇಕಾದದ್ದು. ಸಿಸ್ಟಂ32ರೊಳಗಿನ ಡಿಎಲ್‌ಎಲ್‌ಕ್ಯಾಷ್ ಹಾಗಲ್ಲ. ಕೆಟ್ಟ ಸಿಸ್ಟಂ ಫೈಲಿನ ಜಾಗಕ್ಕೆ ಒಳ್ಳೆಯದನ್ನು ತಂದಿಡುವ ದಾಸ್ತಾನು ಅದು. ಗಾತ್ರ ಒಂದೇ ಇದ್ದರೂ ಪ್ರಕೃತಿ ಬೇರೆ. ರಾಶಿಯನ್ನು ಅಳೆಯುವ ಮೊದಲು ಬಗೆಯನ್ನು ಕೇಳಬೇಕೆಂಬ ಜೈನರ ಕ್ರಮ ದುರಸ್ತಿಯಲ್ಲೂ ಅಕ್ಷರಶಃ ಸರಿ.

ಅನುಭಾಗದ ಮಾತು ಇದಕ್ಕಿಂತ ಗಹನವಾದದ್ದು. ವೈರಸ್ ಹೊಕ್ಕ ಕಂಪ್ಯೂಟರನ್ನು ಶುಚಿ ಮಾಡಿದ ಮೇಲೂ ಆಂಟಿವೈರಸ್ ದಿನವೂ ಅದೇ ಎಚ್ಚರಿಕೆ ಕೊಡುವುದುಂಟು. ತೋರಿಸುವ ದಾರಿ ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್‌ನೊಳಗಿನ ಯಾವುದೋ ಆರ್‌ಪಿ ಫೋಲ್ಡರಿನದು, ಫೈಲಿನ ಹೆಸರು ಎ ಅಕ್ಷರದಿಂದ ಶುರುವಾಗುವ ಅಂಕಿಗಳ ಸಾಲು. ‘ಕ್ಲೀನ್’ ಒತ್ತಿದರೆ ಆಗುವುದಿಲ್ಲ, ಏಕೆಂದರೆ ಆ ಜಾಗ ಕಾವಲಿನಲ್ಲಿದೆ. ನಡೆದದ್ದು ಇಷ್ಟು: ಕಾಯಿಲೆ ಇದ್ದ ದಿನದ ಪ್ರತಿ ತೆಗೆದಾಗ ಕಾಯಿಲೆಯ ಪ್ರತಿಯೂ ಬಂತು. ಅದು ಅಲ್ಲಿ ಸುಮ್ಮನೆ ಇದೆ, ಓಡುತ್ತಿಲ್ಲ. ಯಾರಾದರೂ ಆ ದಿನಕ್ಕೆ ಮರಳಿದರೆ ಎದ್ದು ಬರುತ್ತದೆ. ಜೈನ ಕರ್ಮಸಿದ್ಧಾಂತ ಈ ಎರಡು ಅವಸ್ಥೆಗಳಿಗೂ ಹೆಸರಿಟ್ಟಿದೆ. ಅಂಟಿಕೊಂಡಿದ್ದೂ ಇನ್ನೂ ಫಲ ಕೊಡದಿರುವುದು ಸತ್ತೆ, ಫಲಕ್ಕೆ ಏಳುವುದು ಉದಯ. ಸತ್ತೆಯಲ್ಲಿರುವುದು ಇವತ್ತು ನೋಯಿಸುವುದಿಲ್ಲ. ಆದ್ದರಿಂದಲೇ ಅದು ಇಲ್ಲವೆಂದುಕೊಳ್ಳುವ ತಪ್ಪು ಸುಲಭ. ಇಲ್ಲಿ ಮಾಡಬೇಕಾದದ್ದು ಸಿಸ್ಟಂ ರಿಸ್ಟೋರನ್ನು ಆಫ್ ಮಾಡುವುದು. ಹಾಗೆ ಮಾಡಿದ ಕೂಡಲೇ ಎಲ್ಲ ರಿಸ್ಟೋರ್ ಪಾಯಿಂಟುಗಳೂ ಒಟ್ಟಿಗೆ ಹೋಗುತ್ತವೆ. ಬಳಿಕ ಪೂರ್ತಿ ಸ್ಕ್ಯಾನ್ ಮಾಡಿ, ಶುಚಿಯಾಗಿದೆ ಎಂದು ಖಚಿತವಾದ ಮೇಲೆ ಮತ್ತೆ ಆನ್ ಮಾಡಬೇಕು.

ವೈರಸ್ ಇಲ್ಲದ ಬರೀ ಕಿಕ್ಕಿರಿದ ಫೋಲ್ಡರಿಗೆ ಇಷ್ಟು ಕಠಿಣ ಕ್ರಮ ಬೇಡ. ಅಲ್ಲಿ ಮುಖ್ಯವಾದದ್ದು ಹಿಂದುಮುಂದಿನ ಕ್ರಮ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಮೊದಲು ಸಂವರವನ್ನು, ಅಂದರೆ ಒಳಹರಿವನ್ನು ತಡೆಯುವುದನ್ನು ಹೇಳಿ, ಇದ್ದದ್ದನ್ನು ಕಳಚುವ ನಿರ್ಜರೆಗೆ ಆಮೇಲೆ ಬರುತ್ತದೆ. ಇದನ್ನು ತಿಳಿಸಲು ಜೈನರು ಬಹುಕಾಲದಿಂದ ಹೇಳುತ್ತ ಬಂದ ಉಪಮೆ ತೂತು ಬಿದ್ದ ದೋಣಿಯದು. ತೂತನ್ನು ಮುಚ್ಚದೆ ನೀರನ್ನು ಎಷ್ಟು ಮೊಗೆದು ಚೆಲ್ಲಿದರೂ ದೋಣಿ ಹಗುರಾಗುವುದಿಲ್ಲ. ಎಕ್ಸ್‌ಪಿಯಲ್ಲಿ ತೂತು ಎಲ್ಲಿದೆ ಎಂದು ಕಾಣಲು ಮೈ ಕಂಪ್ಯೂಟರ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಸಿಸ್ಟಂ ರಿಸ್ಟೋರ್ ಪುಟವನ್ನು ತೆರೆಯಬೇಕು. ಹಾಡು, ಸಿನಿಮಾ ತುಂಬಿದ ಡಿ, ಇ ಡ್ರೈವುಗಳ ಮುಂದೆಯೂ ‘ಮಾನಿಟರಿಂಗ್’ ಎಂದಿರುತ್ತದೆ, ಏಕೆಂದರೆ ಹೇಳದೆಯೇ ಎಲ್ಲ ಡ್ರೈವುಗಳನ್ನೂ ಕಾಯುವುದು ಅದರ ರೂಢಿ. ವಿಂಡೋಸ್ ಇಲ್ಲದ ಡ್ರೈವುಗಳಲ್ಲಿ ಅದನ್ನು ನಿಲ್ಲಿಸಬಹುದು. ಒಂದು ವಾರ ಬಳಸಿ ಮರೆಯುವ ತಂತ್ರಾಂಶಗಳನ್ನು ಹಾಕುತ್ತ ಹೋಗುವ ಅಭ್ಯಾಸವೂ ಇನ್ನೊಂದು ತೂತೇ.

ನಿರ್ಜರೆಯಲ್ಲಿ ಎರಡು ಬಗೆ. ಕರ್ಮ ತನ್ನ ಕಾಲಕ್ಕೆ ಮಾಗಿ, ಫಲ ಕೊಟ್ಟು ಉದುರುವುದು ಸವಿಪಾಕ. ಕಾಲ ಬರುವ ಮೊದಲೇ ತಪಸ್ಸಿನಿಂದ ಮಾಗಿಸಿ ಉದುರಿಸುವುದು ಅವಿಪಾಕ. ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯೆಯಲ್ಲಿ ಎರಡನೆಯದಕ್ಕೆ ಕೊಡುವ ಹೋಲಿಕೆ ಮಾವು ಮತ್ತು ಹಲಸಿನದು. ಕರ್ನಾಟಕದ ಜೈನ ಪರಂಪರೆ ತನ್ನವರೆಂದು ನೆನೆಯುವ ಆಚಾರ್ಯರು ಅವರು. ಮರದಲ್ಲಿ ಹಣ್ಣಾಗುವವರೆಗೆ ಕಾಯದೆ, ಕಾಯಿಯನ್ನು ಕಿತ್ತು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವುದನ್ನು ಕಂಡ ಮನೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ರಿಸ್ಟೋರ್ ಪಾಯಿಂಟುಗಳಿಗೂ ಈ ಎರಡೂ ದಾರಿಗಳಿವೆ. 90 ದಿನ ತುಂಬಿದ ಪಾಯಿಂಟ್ ತಾನಾಗಿ ಹೋಗುತ್ತದೆ. ಮೀಸಲು ಜಾಗ ಅದಕ್ಕೂ ಮೊದಲೇ ತುಂಬಿದರೆ ಎಲ್ಲಕ್ಕಿಂತ ಹಳೆಯದು ಮೊದಲು ಹೋಗುತ್ತದೆ. ಕಾಯಲು ಜಾಗವಿಲ್ಲದಿದ್ದರೆ ಡಿಸ್ಕ್ ಕ್ಲೀನಪ್‌ನ ‘ಮೋರ್ ಆಪ್ಷನ್ಸ್’ ಪುಟಕ್ಕೆ ಹೋಗಿ, ತೀರ ಈಚಿನದೊಂದನ್ನು ಉಳಿಸಿ ಮಿಕ್ಕವನ್ನೆಲ್ಲ ತೆಗೆಯಬಹುದು. ಮಾಡಬಾರದ ಕೆಲಸವೆಂದರೆ ಕಾವಲು ಮುರಿದು ಒಳಹೊಕ್ಕು, ನಡುವಿನ ಒಂದು ಆರ್‌ಪಿ ಫೋಲ್ಡರನ್ನು ಕೈಯಾರೆ ಅಳಿಸುವುದು. ಹಿಂದಕ್ಕೆ ಹೋಗುವ ದಾರಿ ಒಂದೊಂದು ಪಾಯಿಂಟಿನ ಲಾಗನ್ನೂ ದಾಟಿಯೇ ಸಾಗುತ್ತದೆ. ಆದ್ದರಿಂದ ನಡುವಿನ ಕೊಂಡಿ ಕಳಚಿದರೆ ಅದಕ್ಕಿಂತ ಹಿಂದಿನವೆಲ್ಲ ಇದ್ದೂ ಇಲ್ಲದಂತೆ.

ಹಾಗಾದರೆ ಎಷ್ಟು ಇಟ್ಟುಕೊಳ್ಳಬೇಕು? ಅಪರಿಗ್ರಹ ಎಂದ ಕೂಡಲೇ ಎಲ್ಲವನ್ನೂ ಬಿಡುವುದು ಎಂಬ ಅರ್ಥವೇ ಮನಸ್ಸಿಗೆ ಬರುತ್ತದೆ. ಅದು ಮುನಿಯ ಮಹಾವ್ರತ. ಗೃಹಸ್ಥನಿಗೆ ಹೇಳಿದ್ದು ಪರಿಗ್ರಹ ಪರಿಮಾಣ: ತನಗೆ ಬೇಕಾದದ್ದಕ್ಕೆ ತಾನೇ ಒಂದು ಮಿತಿ ಹಾಕಿಕೊಂಡು ಅದನ್ನು ಮೀರದಿರುವುದು. ಸಿಸ್ಟಂ ರಿಸ್ಟೋರ್ ಪುಟದಲ್ಲಿ ಡ್ರೈವನ್ನು ಆರಿಸಿ ‘ಸೆಟ್ಟಿಂಗ್ಸ್’ ಒತ್ತಿದಾಗ ಕಾಣುವ, ಎಡಕ್ಕೂ ಬಲಕ್ಕೂ ಎಳೆಯಬಹುದಾದ ಪಟ್ಟಿ ಇದೇ ಕೆಲಸಕ್ಕೆ ಇರುವುದು. ಶೇಕಡಾ 12ನ್ನು 3ಕ್ಕೋ 4ಕ್ಕೋ ಇಳಿಸಿದರೆ ಕೆಲವು ದಿನಗಳ ಹಿಂದಕ್ಕೆ ಹೋಗುವಷ್ಟು ದಾರಿ ಉಳಿಯುತ್ತದೆ, ಜಾಗವೂ ಉಳಿಯುತ್ತದೆ. ಮಿತಿಯನ್ನು ಬೇರೆ ಯಾರೋ ಹಾಕಿಟ್ಟಿದ್ದಾರೆ, ತಾನು ಅದನ್ನು ನೋಡಿಯೇ ಇಲ್ಲ ಎಂದಾದರೆ ಅದು ವ್ರತವಲ್ಲ. ಪರಿಗ್ರಹದ ತಿರುಳು ವಸ್ತುವಿನ ಲೆಕ್ಕದಲ್ಲಿಲ್ಲ, ಮೂರ್ಛೆಯಲ್ಲಿ, ಅಂದರೆ ಅದರ ಮೇಲಿನ ಮಮತೆಯಲ್ಲಿದೆ ಎಂಬುದು ತತ್ತ್ವಾರ್ಥಸೂತ್ರಕಾರರ ನಿಲುವು. ಬ್ಯಾಕಪ್ಪಿನ ವಿಚಾರದಲ್ಲಿ ಆ ಮೂರ್ಛೆ ಭಯದ ರೂಪದಲ್ಲಿ ಬರುತ್ತದೆ. ಎಂಬತ್ತು ದಿನಗಳ ಹಿಂದಿನ ಡ್ರೈವರ್ ಫೈಲಿನ ಮೇಲೆ ಯಾರಿಗೂ ಪ್ರೀತಿಯಿಲ್ಲ, ಆದರೂ ಅಳಿಸಲು ಕೈ ಬರುವುದಿಲ್ಲ.

ಮರಳುವುದೆಂದರೆ ಏನು ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಸಿಸ್ಟಂ ರಿಸ್ಟೋರ್ ಹಿಂದಕ್ಕೆ ಹೋಗುವ ಮುನ್ನ ಈಗಿನ ಸ್ಥಿತಿಯ ಒಂದು ಪಾಯಿಂಟನ್ನು ಮಾಡಿಟ್ಟುಕೊಳ್ಳುತ್ತದೆ, ಮರಳಿದ್ದನ್ನೂ ಮರಳಿಸಲು ಬರಲಿ ಎಂದು. ಹಾಗಾಗಿ ಹಿಂದಿರುಗುವಿಕೆಯೂ ಸಾಲಿನಲ್ಲಿ ಮುಂದಿನ ಸಂಖ್ಯೆಯನ್ನೇ ಪಡೆಯುತ್ತದೆ. ದ್ರವ್ಯದಲ್ಲಿ ಹುಟ್ಟು, ಅಳಿವು, ಸ್ಥಿರತೆ ಮೂರೂ ಏಕಕಾಲಕ್ಕೆ ಇವೆ ಎನ್ನುವ ಜೈನ ನೋಟಕ್ಕೆ ಇದು ಒಪ್ಪುವ ಉದಾಹರಣೆ. ಯಂತ್ರ ಅದೇ, ಪರ್ಯಾಯ, ಅಂದರೆ ಅದು ತಳೆದ ಅವಸ್ಥೆ, ಹೊಸದು; ಸೋಮವಾರದ ಸ್ಥಿತಿಗೆ ಮರಳಿದ ಶುಕ್ರವಾರ ಸೋಮವಾರವಾಗುವುದಿಲ್ಲ. ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಕಂಪ್ಯೂಟರಿನಲ್ಲಿ ಜೀವವಿಲ್ಲ. ಅಲ್ಲದೆ ಕರ್ಮದಲ್ಲಿ ಹಳೆಯ ಸ್ಥಿತಿಗೆ ಹೋಗುವ ಅನುಕೂಲವೇ ಇಲ್ಲ, ಅಂಟಿದ್ದನ್ನು ಅನುಭವಿಸಿಯೋ ತಪಸ್ಸಿನಿಂದಲೋ ಕಳೆಯಬೇಕು.

ಬರೆದ ಪತ್ರ, ಮಕ್ಕಳ ಫೋಟೊ, ಮನೆಯ ಲೆಕ್ಕ ಇವುಗಳನ್ನು ಸಿಸ್ಟಂ ರಿಸ್ಟೋರ್ ಮುಟ್ಟುವುದಿಲ್ಲ. ಮೈ ಡಾಕ್ಯುಮೆಂಟ್ಸ್‌ನಲ್ಲಿ ಅಳಿಸಿಹೋದ ಚಿತ್ರವನ್ನು ಯಾವ ಆರ್‌ಪಿ ಫೋಲ್ಡರಿನಲ್ಲೂ ಹುಡುಕಿ ಫಲವಿಲ್ಲ. 4.8 ಜಿಬಿಯನ್ನು ಎಷ್ಟೇ ಜೋಪಾನವಾಗಿ ಕಾದರೂ ಮನೆಯವರಿಗೆ ನಿಜವಾಗಿ ಬೇಕಾದದ್ದು ಅದರೊಳಗೆ ಇಲ್ಲ. ಅದಕ್ಕೆ ಬೇರೆ ಡಿಸ್ಕ್ ಬೇಕು, ಪ್ರತಿ ತೆಗೆಯುವ ಕೈ ಬೇಕು. ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟುಗಳು 2014ರ ಏಪ್ರಿಲ್ 8ಕ್ಕೆ ನಿಂತುಹೋಗಿರುವುದರಿಂದ ಇನ್ನೂ ಅದರಲ್ಲೇ ಉಳಿದಿರುವ ಚಿತ್ರಗಳ ಮಟ್ಟಿಗೆ ಈ ಕೆಲಸ ಫೋಲ್ಡರ್ ಖಾಲಿ ಮಾಡುವುದಕ್ಕಿಂತ ಮೊದಲು ಆಗಬೇಕು.