ಜ್ವರದಿಂದ ಮಡಿದ ಸೈನಿಕ

ಸಾವಿನ ಸುದ್ದಿ ಬಂದೊಡನೆ ನಮ್ಮ ಊರುಗಳಲ್ಲಿ ಏಳುವ ಮೊದಲ ಪ್ರಶ್ನೆ, ‘ಏನಾಗಿತ್ತು?’ ಸತ್ತವನು ಸೈನಿಕನಾದರೆ ಆ ಪ್ರಶ್ನೆಗೆ ತೂಕ ಹೆಚ್ಚು. ಗುಂಡು ತಗುಲಿತೆಂದರೆ ಊರಿಗೆ ಊರೇ ತಲೆಬಾಗುತ್ತದೆ. ಜ್ವರ ಬಂದಿತ್ತೆಂದರೆ ‘ಪಾಪ’ ಎಂದು ಸುಮ್ಮನಾಗುತ್ತದೆ. ಈ ‘ಪಾಪ’ದಲ್ಲಿ ಕನಿಕರವಿದೆ, ಗೌರವವಿದೆಯೇ?

ಸೇಡಂ, ಚಿತ್ತಾಪುರಗಳನ್ನು ಹಾದು ವಾಡಿಯನ್ನು ಸೇರಿ, ಅಲ್ಲಿಂದ ಶಹಾಬಾದಿನ ಮೂಲಕ ಮುಂಬಯಿಗೆ ಹೋಗುವ ರೈಲುದಾರಿ 1874ರಷ್ಟು ಹಳೆಯದು. ಚಿಂಚೋಳಿಯೂ ಸೇರಿ ಈ ಸೀಮೆಯೆಲ್ಲ ಆಗ ನಿಜಾಮರ ಸಂಸ್ಥಾನ. ಮೊದಲ ಮಹಾಯುದ್ಧ ಆರಂಭವಾದಾಗ ಆ ಸಂಸ್ಥಾನದ ಹೈದರಾಬಾದ್ ಲ್ಯಾನ್ಸರ್ಸ್ ಎಂಬ ಕುದುರೆ ಸವಾರರು ಸೂಯೆಜ್ ಕಾಲುವೆಯ ಕಾವಲಿಗೆ ತೆರಳಿದರು. ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳೊಡನೆ ಅವರು 1918ರಲ್ಲಿ ಪ್ಯಾಲೆಸ್ಟೀನ್‌ನಲ್ಲಿದ್ದರು. ಆ ವರ್ಷ ಸೆಪ್ಟೆಂಬರ್ 23ರಂದು ಜೋಧಪುರ, ಮೈಸೂರು ಸವಾರರು ಹೈಫಾ ಪಟ್ಟಣವನ್ನು ಗೆದ್ದದ್ದು ಪ್ರಸಿದ್ಧ. ಮೂರೂ ದಳಗಳ ನೆನಪಿಗೆ ದೆಹಲಿಯಲ್ಲಿ ಮೂರು ಕಂಚಿನ ಮೂರ್ತಿಗಳು ನಿಂತಿವೆ.

ಅನಂತರದ ಸಂಗತಿ ಅಷ್ಟು ಪ್ರಸಿದ್ಧವಲ್ಲ. ಸೈನ್ಯವು ತನ್ನ ಪಾಳೆಯದ ಸುತ್ತಲಿನ ಜೌಗು ಬತ್ತಿಸಿ ಸೊಳ್ಳೆಗಳನ್ನು ಹತೋಟಿಯಲ್ಲಿಟ್ಟಿತ್ತು. ಶತ್ರುವಿನ ನೆಲದಲ್ಲಿ ಆ ಏರ್ಪಾಡು ಇರಲಿಲ್ಲ. ಮುನ್ನುಗ್ಗಿದ ರಾತ್ರಿಗಳಲ್ಲಿ ಕಚ್ಚಿದ ಸೊಳ್ಳೆಯ ವಿಷ ಸುಮಾರು ಎರಡು ವಾರಗಳ ಮೇಲೆ ಮಲೇರಿಯವಾಗಿ ತೋರಿತು. ಇನ್‌ಫ್ಲುಯೆಂಜಾ ಅದರ ಬೆನ್ನಿಗೇ ಬಂತು. ಅಕ್ಟೋಬರಿನಲ್ಲಿ ಡಮಾಸ್ಕಸ್ ಕೈವಶವಾದ ಮೇಲೆ ಅಶ್ವಸೈನ್ಯದಲ್ಲಿ ಕಾಳಗದಲ್ಲಿ ಬಿದ್ದವರಿಗಿಂತ ರೋಗದಿಂದ ಸತ್ತವರೇ ಹೆಚ್ಚಾದರು.

ಹಾಗಾದರೆ ಆಸ್ಪತ್ರೆಯ ಗುಡಾರದಲ್ಲಿ ಕಣ್ಣುಮುಚ್ಚಿದ ತರುಣನೂ ಆ ದಾಳಿಯಲ್ಲೇ ಗಾಯಗೊಂಡವನಲ್ಲವೇ? ಅವನ ಗಾಯ ಕಾಣಿಸಲು ಹದಿನೈದು ದಿನ ಹಿಡಿಯಿತು, ಅಷ್ಟೆ.

ಈಟಿ ಹಿಡಿದು ಗುಂಡಿಗೆ ಎದೆಯೊಡ್ಡಿದವನ ಧೈರ್ಯ ಹೆಚ್ಚಿನದಲ್ಲವೇ ಎಂದು ಕೇಳುವವರುಂಟು. ಹೆಚ್ಚಿನದೇ, ನಾನು ಅಲ್ಲಗಳೆಯಲಾರೆ. ಆದರೆ ಒಂದು ಕಾರ್ಯವನ್ನು ಹೊಗಳುವುದು ಬೇರೆ, ಒಬ್ಬ ಮನುಷ್ಯನನ್ನು ಗೌರವಿಸುವುದು ಬೇರೆ. ಸೈನ್ಯದ ರೈಲು ಹತ್ತಿದಾಗಲೇ ಅವನು ತನ್ನ ಜೀವವನ್ನು ಪರರ ಕೈಗಿತ್ತಿದ್ದ. ಸಂಬಳಕ್ಕಾಗಿಯೇ ಹೋಗಿದ್ದಿರಬಹುದು, ಆ ಯುದ್ಧ ಅವನದಾಗಿರಲೂ ಇಲ್ಲ. ಸಾವು ಯಾವ ರೂಪದಲ್ಲಿ ಬರಬೇಕೆಂಬುದನ್ನು ಮಾತ್ರ ಅವನು ಆರಿಸಿಕೊಳ್ಳಲಿಲ್ಲ. ಅವನು ಆರಿಸದ ಸಂಗತಿಯಿಂದ ಅವನನ್ನು ಅಳೆಯುವುದು ನ್ಯಾಯವೇ?

1917ರಲ್ಲಿ ಸ್ಥಾಪಿತವಾದ ಯುದ್ಧಸಮಾಧಿಗಳ ಆಯೋಗವು ಈ ಪ್ರಶ್ನೆಗೆ ಒಳ್ಳೆಯ ಉತ್ತರವನ್ನೇ ಕೊಟ್ಟಿತು. ಸೇವೆಯಲ್ಲಿದ್ದಾಗ ಗುಂಡಿನಿಂದ ಸತ್ತರೂ ಜ್ವರದಿಂದ ಸತ್ತರೂ ಸ್ಮರಣೆಯಲ್ಲಿ ಭೇದವಿಲ್ಲವೆಂದಿತು. ಆದರೆ ಆಚರಣೆಯಲ್ಲಿ ಬೇರೊಂದು ಭೇದ ನುಸುಳಿತು. ರೋಗವು ಅಸಂಖ್ಯ ಭಾರತೀಯರನ್ನು ಬಲಿತೆಗೆದುಕೊಂಡ ಮೆಸೊಪೊಟೇಮಿಯದಲ್ಲಿ, ಅಂದರೆ ಇಂದಿನ ಇರಾಕ್‌ನಲ್ಲಿ, 1929ರಲ್ಲಿ ಬಸ್ರಾ ಸ್ಮಾರಕ ಅನಾವರಣಗೊಂಡಿತು. ಅದರ ಮೇಲೆ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಲಾಯಿತು. ಸಾಮಾನ್ಯ ಸಿಪಾಯಿಗಳಿಗೆ ದೊರೆತದ್ದು ಸಂಖ್ಯೆ ಮಾತ್ರ: ಇಂಥ ಪಡೆಯಲ್ಲಿ ಇಷ್ಟು ಮಂದಿ. ಈ ಬಗೆಯ ತಾರತಮ್ಯವನ್ನು ಒಪ್ಪಿಕೊಂಡು ಆಯೋಗವು ಕ್ಷಮೆ ಕೋರಿದ್ದು 2021ರಲ್ಲಿ. ಅಷ್ಟರಲ್ಲಿ ಆ ಹೆಸರುಗಳನ್ನು ಹಿಡಿದು ಕರೆಯಬಲ್ಲವರೆಲ್ಲ ತೀರಿಕೊಂಡಿದ್ದರು.

ನವೆಂಬರ್ 2ರ ಬಲಿಪೂಜೆಗೆ ನಮ್ಮ ಕುಟುಂಬಗಳು ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ತರುತ್ತವೆ. ಹೊರಟುಹೋಗಿ ಮರಳದ ಸಿಪಾಯಿಯೊಬ್ಬನ ಹೆಸರು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಉಳಿದಿದ್ದರೆ, ಈ ಸಲ ಅದನ್ನೂ ಬರೆದು ತನ್ನಿ. ಏನಾಗಿತ್ತೆಂದು ಬರೆಯಬೇಕಾಗಿಲ್ಲ.