ಚಟ್ಟಿಯ ಗಿಡದ ಋಣ

ನೆಲದಲ್ಲಿ ನೆಟ್ಟ ಗಿಡಕ್ಕೂ ಚಟ್ಟಿಯಲ್ಲಿ ನೆಟ್ಟ ಗಿಡಕ್ಕೂ ಒಂದು ದೊಡ್ಡ ವ್ಯತ್ಯಾಸ ಉಂಟು. ಅಂಗಳದ ಬದಿಯ ದಾಸವಾಳಕ್ಕೆ ನಾಲ್ಕು ದಿನ ನೀರು ಹಾಕದಿದ್ದರೂ ಅದು ಬೇರು ಇಳಿಸಿ ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಳ್ಳುತ್ತದೆ. ಚಟ್ಟಿಯ ಗಿಡದ ಬೇರು ಹುಡುಕುತ್ತಾ ಹೊರಟರೆ ಒಂದು ಗೇಣು ದೂರದಲ್ಲಿ ಗೋಡೆ ಸಿಗುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ದಾರಿಯಿಲ್ಲ. ಇರುವುದು ನಾವು ಮಾತ್ರ. ಹಾಗಾದರೆ ಒಂದು ಜೀವದ ಬೇರಿಗೆ ಗೋಡೆ ಕಟ್ಟಿದವರಿಗೆ ಆ ಜೀವದ ಋಣ ಎಷ್ಟು? ದಿನಕ್ಕೊಂದು ಚೆಂಬು ನೀರು ಹಾಕಿದರೆ ತೀರಿತೇ?

ಇದನ್ನು ಯೋಚಿಸಲಿಕ್ಕೆ ನಮ್ಮೂರಿನ ಮಲ್ಲಿಗೆಗಿಂತ ದೂರದ ಒಂದು ಹೂವು ಹೆಚ್ಚು ಸಹಾಯ ಮಾಡುತ್ತದೆ. ಅದರ ಹೆಸರು ಪಿಯೋನಿ. ಚೀನಾ, ಜಪಾನ್, ಯುರೋಪಿನ ತಂಪು ಸೀಮೆಯವರಿಗೆ ಅದು ಬಹಳ ಪ್ರಿಯ. ಒಂದೊಂದು ಹೂವೂ ಬೊಗಸೆ ತುಂಬುವಷ್ಟು ದೊಡ್ಡದು. ನಮ್ಮ ದೇಶದಲ್ಲೂ ಇದರ ಒಂದು ಕಾಡುಜಾತಿ ಉಂಟು. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಬೆಟ್ಟದ ಕಾಡುಗಳಲ್ಲಿ ಬಿಳಿ ಹೂ ಬಿಡುತ್ತದೆ. ನೆಲದಲ್ಲಿ ಬೇರೂರಿದರೆ ಪಿಯೋನಿ ಐವತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಅಜ್ಜಿ ನೆಟ್ಟ ಗಿಡದ ಹೂವನ್ನು ಮೊಮ್ಮಗಳು ಕೊಯ್ಯಬಹುದು.

ಇಂಥದ್ದನ್ನು ಚಟ್ಟಿಯಲ್ಲಿ ಸಾಕುವವರೂ ಆ ಸೀಮೆಗಳಲ್ಲಿ ಇದ್ದಾರೆ. ಸಾಕುವ ಕ್ರಮ ಹೀಗೆ. ಚಟ್ಟಿ ಅಗಲಕ್ಕೂ ಆಳಕ್ಕೂ ಒಂದೂವರೆ ಅಡಿಗೆ ಕಡಿಮೆ ಇರಬಾರದು. ಅಡಿಯಲ್ಲಿ ತೂತು ಬೇಕು, ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಗೆಡ್ಡೆಯ ಮೇಲಿನ ಮೊಳಕೆಯ ಕಣ್ಣುಗಳು ಮಣ್ಣಿನೊಳಗೆ ಒಂದೆರಡು ಅಂಗುಲ ಮಾತ್ರ ಇರಬೇಕು. ಹೆಚ್ಚು ಆಳಕ್ಕೆ ಹೋದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಗೊಬ್ಬರ ಜಾಸ್ತಿ ಸುರಿದರೂ ಅದೇ ಕತೆ. ಮೊದಲ ಎರಡು ಮೂರು ವರ್ಷ ಹೂವಿಗೆ ಅವಸರ ಮಾಡಬಾರದು. ಮೊಗ್ಗಿನಿಂದ ಒಸರುವ ಸಿಹಿಗೆ ಇರುವೆ ಬರುತ್ತದೆ, ಬಂದರೆ ಬರಲಿ, ಗಿಡಕ್ಕೆ ಅದರಿಂದ ತೊಂದರೆ ಏನಿಲ್ಲ. ಹೂ ಮುಗಿಯಿತು ಅಂತ ಎಲೆ ಕತ್ತರಿಸಲೂಬಾರದು. ಮುಂದಿನ ವರ್ಷದ ಹೂವಿಗೆ ಬೇಕಾದ ಅನ್ನವನ್ನು ಗೆಡ್ಡೆಗೆ ಕೂಡಿಡುವುದು ಆ ಎಲೆಗಳೇ.

ಇಷ್ಟೂ ಮಾಡಿದ ಮೇಲೆ ಬರುವುದು ನಿಜವಾದ ಪರೀಕ್ಷೆ, ಅದು ಚಳಿಗಾಲ. ಹೊರಗೆ ಹಿಮ ಬೀಳುವಾಗ, ಪಾಪ, ಗಿಡಕ್ಕೆ ಚಳಿಯಾಗುತ್ತದೆ ಅಂತ ಚಟ್ಟಿಯನ್ನು ಬೆಚ್ಚಗಿನ ಕೋಣೆಗೆ ತಂದಿಡುವವರಿದ್ದಾರೆ. ಅವರ ಪ್ರೀತಿಯಲ್ಲಿ ಸುಳ್ಳಿಲ್ಲ. ಆದರೆ ಪಿಯೋನಿಗೆ ಚಳಿಯೇ ಬೇಕು. ಸುಮಾರು 4 ಡಿಗ್ರಿಗಿಂತ ಕೆಳಗಿನ ಚಳಿ ಒಟ್ಟು 500ರಿಂದ 1000 ಗಂಟೆಯಷ್ಟು ಸಿಕ್ಕಿದರೆ ಮಾತ್ರ ಗೆಡ್ಡೆಯೊಳಗಿನ ಮೊಗ್ಗು ಸರಿಯಾಗಿ ಏಳುತ್ತದೆ. ಬೆಚ್ಚಗೆ ಇಟ್ಟ ಗಿಡ ಹೂವನ್ನೇ ಮರೆಯುತ್ತದೆ. ಹಾಗಂತ ಚಳಿಗೆ ಬಿಟ್ಟು ಕೈತೊಳೆದುಕೊಂಡರೂ ಆಗುವುದಿಲ್ಲ. ನೆಲದೊಳಗಿನ ಬೇರಿಗೆ ಸುತ್ತಲಿನ ಮಣ್ಣೇ ಕಂಬಳಿ, ಚಟ್ಟಿಯ ಬೇರಿಗೆ ಆ ಕಂಬಳಿ ಇಲ್ಲ. ಅದಕ್ಕೆ ತಿಳಿದವರು ಚಟ್ಟಿಯ ಸುತ್ತ ಹುಲ್ಲು ಸುತ್ತುತ್ತಾರೆ, ಇಲ್ಲವೇ ಬೆಂಕಿ ಕಾಯಿಸದ ಕೊಟ್ಟಿಗೆಯಲ್ಲಿ ಇಡುತ್ತಾರೆ. ಚಳಿ ತಾಗಬೇಕು, ಬೇರು ಸಾಯಬಾರದು. ಆರೈಕೆ ಅಂದರೆ ಈ ಎರಡರ ನಡುವಿನ ಜಾಗ. ನಮಗೆ ಹಿತವಾದದ್ದು ಅದಕ್ಕೂ ಹಿತ ಅಂತ ನಂಬಿದವನಿಗೆ ಆ ಜಾಗ ಕಾಣುವುದಿಲ್ಲ.

ಚೀನಾದಲ್ಲಿ ಒಂದು ದಂತಕತೆ ಉಂಟು. ವು ಝೆತಿಯಾನ್ ಎಂಬ ರಾಣಿ ಒಂದು ಚಳಿಗಾಲದಲ್ಲಿ ತೋಟದ ಹೂವುಗಳಿಗೆಲ್ಲ ಅರಳುವಂತೆ ಅಪ್ಪಣೆ ಕೊಟ್ಟಳಂತೆ. ಬೇರೆ ಹೂವುಗಳು ಹೆದರಿ ಅರಳಿದವು, ಪಿಯೋನಿ ಅರಳಲಿಲ್ಲ. ರಾಣಿ ಸಿಟ್ಟಿನಿಂದ ಅದನ್ನು ಲುವೊಯಾಂಗ್ ಪಟ್ಟಣಕ್ಕೆ ಗಡೀಪಾರು ಮಾಡಿದಳು. ಅಲ್ಲಿ ಅದು ಚೆಂದಕ್ಕೆ ಅರಳಿತು. ಇವತ್ತಿಗೂ ಏಪ್ರಿಲಿನಲ್ಲಿ ಪಿಯೋನಿ ನೋಡಲಿಕ್ಕೆ ಜನ ಲುವೊಯಾಂಗಿಗೆ ಹೋಗುತ್ತಾರೆ. ಜಪಾನಿನ ಟೋಕಿಯೋದಲ್ಲಿ ಉಯೆನೋ ತೋಶೋಗು ದೇವಾಲಯದ ತೋಟದಲ್ಲಿ ಜನವರಿಯಲ್ಲೇ ಪಿಯೋನಿ ಅರಳುತ್ತದೆ, ಪ್ರತಿ ಗಿಡಕ್ಕೂ ಹುಲ್ಲಿನ ಪುಟ್ಟ ಗುಡಿಸಲು. ಅಲ್ಲಿ ಅಪ್ಪಣೆ ನಡೆಯುವುದಿಲ್ಲ. ತೋಟದವರು ಗಿಡಕ್ಕೆ ಮೊದಲು ತಂಪು, ಆಮೇಲೆ ಬೆಚ್ಚಗೆ ಕೊಟ್ಟು, ಅದರ ವರ್ಷವನ್ನೇ ಹಿಂದುಮುಂದು ಮಾಡುತ್ತಾರೆ. ಅಕಾಲದಲ್ಲಿ ಅರಳಿದ ಗಿಡಕ್ಕೆ ದಣಿವು ಜಾಸ್ತಿ. ರಾಣಿಗೆ ಬೇಕಾಗಿದ್ದದ್ದೂ ಇದೇ ಹೂವು. ಆದರೆ ಇವರು ಆ ಆಸೆಯ ಖರ್ಚನ್ನು ತಾವು ಹೊರುತ್ತಾರೆ. ನನಗೆ ಈ ವ್ಯತ್ಯಾಸ ಸಣ್ಣದು ಅಂತ ಕಾಣುವುದಿಲ್ಲ.

ಒಂದು ಆಕ್ಷೇಪ ಬರಬಹುದು: ಗಿಡಕ್ಕೆ ನೋವು ಗೊತ್ತಾಗುತ್ತದಾ? ಗೊತ್ತಾಗದ್ದಕ್ಕೆ ಋಣ ಎಲ್ಲಿಯದು? ನನ್ನ ಲೆಕ್ಕದಲ್ಲಿ ಋಣ ಹುಟ್ಟುವುದು ಅದರ ನೋವಿನಿಂದ ಅಲ್ಲ, ನಮ್ಮ ಕೆಲಸದಿಂದ. ಕಾಡಿನ ಪಿಯೋನಿಗೆ ನಾವು ಏನೂ ಕೊಡಬೇಕಾಗಿಲ್ಲ. ಮಳೆ, ಮಣ್ಣು, ಹಿಮ ಅದರ ಕೆಲಸವನ್ನು ಮಾಡುತ್ತಿರುತ್ತವೆ. ಅದನ್ನು ಎತ್ತಿ ಚಟ್ಟಿಗೆ ಹಾಕಿದ ದಿನ ಮಳೆ, ಮಣ್ಣು, ಹಿಮದ ಕೆಲಸವೂ ನಮ್ಮ ಹೆಗಲಿಗೆ ಬಂತು. ಅಷ್ಟು ಹೊರಲಿಕ್ಕೆ ಆಗದಿದ್ದರೆ ತಾರದೆ ಇರುವುದೇ ನ್ಯಾಯ. ಈಗ ಮೊಬೈಲಿನಲ್ಲಿ ಚಿತ್ರ ನೋಡಿ ಎಲ್ಲಿಂದಲೂ ಗೆಡ್ಡೆ ತರಿಸಬಹುದು. ಆದರೆ ಡಿಸೆಂಬರಿನಲ್ಲೂ ಬೆವರು ಬಿಡದ ನಮ್ಮ ಕಾಸರಗೋಡಿನಲ್ಲಿ ಪಿಯೋನಿಗೆ ಕೊಡಲಿಕ್ಕೆ ನಮ್ಮಲ್ಲಿ ಚಳಿ ಎಲ್ಲಿ ಉಂಟು? ಅದನ್ನು ಬೆಟ್ಟದಲ್ಲೇ ಬಿಡುವುದೂ ಒಂದು ಆರೈಕೆ.

ಗಿಡದ ವಿಷಯ ಇಷ್ಟಾಯಿತು. ಮನುಷ್ಯರನ್ನೂ ನಾವು ಚಟ್ಟಿಗೆ ಹಾಕುವುದುಂಟು. ನಮ್ಮ ಊರುಗಳಿಂದ ಮಕ್ಕಳು ಬೆಂಗಳೂರಿಗೆ, ಮುಂಬಯಿಗೆ ಹೋಗುತ್ತಾರೆ. ಕೆಲವು ವರ್ಷದ ಮೇಲೆ ತಾಯಿಯನ್ನೋ ತಂದೆಯನ್ನೋ ಕರೆಸಿಕೊಳ್ಳುತ್ತಾರೆ. ಏಳನೇ ಮಹಡಿಯಲ್ಲಿ ಬಿಸಿನೀರು, ಟೀವಿ, ಹೊತ್ತಿಗೆ ಸರಿಯಾಗಿ ಮಾತ್ರೆ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಹಟ್ಟಿಯ ದನ ಇಲ್ಲ, ಅಂಗಳದ ಅಡಕೆ ಇಲ್ಲ, ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯಲಿಕ್ಕೆ ಜಗಲಿ ಇಲ್ಲ. ಮಕ್ಕಳ ಪ್ರೀತಿ ಅಲ್ಲೂ ಸುಳ್ಳಲ್ಲ. ಆ ಜೀವಕ್ಕೆ ಬೇಕಾಗಿದ್ದದ್ದು ನಾವು ಕಷ್ಟ ಅಂತ ಎಣಿಸಿ ತಪ್ಪಿಸಿದ್ದೇ ಇರಬಹುದು, ದಿನಾ ನಾಲ್ಕು ಹಾಳೆ ಅಡಕೆ ಹೆಕ್ಕುವ ಕೆಲಸವೇ ಇರಬಹುದು. ಎಲ್ಲರನ್ನೂ ಊರಲ್ಲೇ ಬಿಡಬೇಕು ಅಂತ ನಾನು ಹೇಳುವುದಿಲ್ಲ. ಕಾಯಿಲೆ, ಒಂಟಿತನ, ದೂರದ ಆಸ್ಪತ್ರೆ, ಇವೆಲ್ಲ ನಿಜ. ಕರೆದುಕೊಂಡು ಹೋಗಲೇಬೇಕಾದ ಸಂದರ್ಭ ಬರುತ್ತದೆ. ಹೋದ ಮೇಲೆ ಹಳೆಯ ಮಣ್ಣು ಮಾಡುತ್ತಿದ್ದ ಕೆಲಸದಲ್ಲಿ ಎಷ್ಟನ್ನು ನಾವು ಮಾಡಬಲ್ಲೆವು ಅನ್ನುವುದೇ ಲೆಕ್ಕ.

ಪಿಯೋನಿಗೆ ಬಾಯಿಯಿಲ್ಲ. ಅದಕ್ಕೆ ಚಳಿ ಬೇಕು ಅಂತ ತಿಳಿಯಲಿಕ್ಕೆ ತೋಟಗಾರರು ವರ್ಷಗಟ್ಟಲೆ ಹೂ ಬಾರದ ಗಿಡವನ್ನು ನೋಡಿ ಕಲಿಯಬೇಕಾಯಿತು. ನಮ್ಮ ಮನೆಯ ಹಿರಿಯರಿಗೆ ಬಾಯಿ ಉಂಟು. ನಿಮಗೆ ಏನು ಬೇಕು ಅಂತ ಕೇಳಿದರೆ ಹೇಳುತ್ತಾರೆ.