ಸೈರಣೆಯುಳ್ಳ ಜೀವ

ಕಳೆದ ಶ್ರಾವಣದಲ್ಲಿ ನಮ್ಮ ಕಿರಿಯ ಮಗನು ಪೇಟೆಯಿಂದ ಆರು ಗಪ್ಪಿ ಮೀನುಗಳನ್ನು ತಂದನು. ಮಾರಿದವನು, “ಇವು ಗಟ್ಟಿ ಜೀವ ಅದಾವು, ಎಂಥಾ ನೀರಾಗೂ ಇರ್ತಾವು, ಚಿಂತಿ ಮಾಡಬ್ಯಾಡ” ಎಂದು ಹೇಳಿ ಕಳುಹಿಸಿದನಂತೆ. ಅಡಿಗೆಮನೆಯ ಹೊಸ್ತಿಲನ್ನು ಮೀನು ಎಂದೂ ದಾಟದ ಮನೆಯಲ್ಲಿ ಅದು ಪಡಸಾಲೆಗೇ ಬಂದು ನೆಲಸಿದುದನ್ನು ಕಂಡು ನಮ್ಮ ತಾಯಿಯವರು ಮೊದಲು ಮುಖ ಸಿಂಡರಿಸಿದರು. ಮೂರನೆಯ ದಿನ ಅದಕ್ಕೆ ಆಹಾರ ಹಾಕುತ್ತಿದ್ದವರು ಅವರೇ!

ಶುಚಿಗೊಳಿಸುವ ಕೆಲಸವನ್ನು ನಾನು ವಹಿಸಿಕೊಂಡೆನು. ಪ್ರತಿ ಸೋಮವಾರ ಗಾಜಿನ ತೊಟ್ಟಿಯನ್ನು ಬರಿದುಮಾಡಿ, ಮರಳನ್ನು ಬಿಸಿನೀರಿನಲ್ಲಿ ತೊಳೆದು, ನಳದ ನೀರನ್ನು ತುಂಬುತ್ತಿದ್ದೆನು. ಗಾಜು ಫಳಫಳನೆ ಹೊಳೆಯುತ್ತಿತ್ತು. ಮೂರನೆಯ ಸೋಮವಾರ ಸಂಜೆಯ ಹೊತ್ತಿಗೆ ನಾಲ್ಕು ಮೀನುಗಳು ಸತ್ತು ತೇಲಿದವು.

ಕಾರಣವನ್ನು ಮುಂದೆ ವಿಜ್ಞಾನದ ಅಧ್ಯಾಪಕರೊಬ್ಬರಿಂದ ತಿಳಿದೆನು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಅದು ನೀರಿನಲ್ಲಿ ಹೆಚ್ಚಿದರೆ ಆ ಮೀನಿಗೇ ವಿಷ. ಮರಳು ಕಲ್ಲುಗಳಿಗೆ ಅಂಟಿ ಬೆಳೆಯುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು ನಾಲ್ಕಾರು ವಾರಗಳು ಬೇಕು. ನಾನು ವಾರವಾರವೂ ಅವುಗಳನ್ನು ತೊಳೆದು ಚೆಲ್ಲಿದೆನು. ಸಾಲದುದಕ್ಕೆ ನಳದ ನೀರಿನ ಕ್ಲೋರಿನ್ ಕಿವಿರುಗಳನ್ನು ಸುಟ್ಟಿತು. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಮಾತ್ರ ತೆಗೆದು, ಒಂದು ದಿನ ತೆರೆದ ಪಾತ್ರೆಯಲ್ಲಿ ಇಟ್ಟ ನೀರನ್ನು ಸೇರಿಸಿದ್ದರೆ ಸಾಕಾಗಿತ್ತು. ಬಹಿರಂಗಶುದ್ಧಿ ಅಂತರಂಗಶುದ್ಧಿಗಳ ಭೇದವನ್ನು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದವನ ಕೈಯಿಂದ ಇದು ನಡೆಯಿತು. ನನ್ನ ಕಣ್ಣಿಗೆ ಶುದ್ಧವಾದುದು ಮೀನಿಗೆ ಶುದ್ಧವಾಗಿರಲಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದುದು ‘ಗಟ್ಟಿ ಜೀವ’ ಎಂಬ ಆ ಮಾತು. ಸಯಾಮಿನ ಕಾಳಗದ ಮೀನನ್ನು ಅಂಗಡಿಗಳಲ್ಲಿ ಅಂಗೈಯಗಲದ ಸೀಸೆಯಲ್ಲಿ ಇಟ್ಟಿರುವುದನ್ನು ವಾಚಕರು ಕಂಡಿರಬಹುದು. ಅದಕ್ಕೆ ಕಿವಿರಿನೊಂದಿಗೆ ಮೇಲಿನ ಗಾಳಿಯನ್ನು ಗುಟುಕರಿಸಿ ಉಸಿರಾಡುವ ಇನ್ನೊಂದು ಅಂಗವೂ ಉಂಟು. ಆದುದರಿಂದ ಕೊಳೆತ ನೀರಿನಲ್ಲಿಯೂ ಅದು ಬೇಗನೆ ಸಾಯುವುದಿಲ್ಲ. ಪ್ರಾಣವನ್ನು ಉಳಿಸಿಕೊಳ್ಳಲು ದೊರೆತ ಶಕ್ತಿಯೇ ಅದನ್ನು ಸೀಸೆಗೆ ತಳ್ಳಿತು. ಸಾಯದಿರುವುದು ಬೇರೆ, ಸುಖವಾಗಿರುವುದು ಬೇರೆ. ಸೈರಿಸುವವನ ಸೈರಣೆಯನ್ನು ನಾವು ಅವನ ಒಪ್ಪಿಗೆಯೆಂದು ಬರೆದುಕೊಳ್ಳುತ್ತೇವೆ.

ಇದು ಮೀನಿನ ಮಾತು ಮಾತ್ರವೇ? “ನಮ್ಮ ಸೊಸೆ ಎಲ್ಲಾದಕ್ಕೂ ಹೊಂದ್ಕೋತಾಳ್ರೀ” ಎಂದು ಹೊಗಳುವ ಮನೆಯಲ್ಲಿ ಕೊನೆಗೆ ಉಣ್ಣುವವಳು ಅವಳೇ. “ಗಟ್ಟಿ ಆಳು” ಎನಿಸಿಕೊಂಡವನ ಹೆಗಲಿಗೇ ಇನ್ನೊಂದು ಚೀಲ. ದಯೆಯು ಕೂಗಿದವರ ಕಡೆಗೆ ಮಾತ್ರ ಹರಿಯುವುದಾದರೆ, ಕೂಗಲು ಬಾರದ ಜೀವದ ಗತಿಯೇನು? ಮೀನಿಗಾದರೋ ದನಿಯೇ ಇಲ್ಲ.

ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದಿದೆ. ಮೀನುಗಳ ಬಗೆಗಳನ್ನೂ ಅವುಗಳಿಗೆ ಹಾಕುವ ಆಹಾರವನ್ನೂ ಅಲ್ಲಿ ಕುತೂಹಲದಿಂದ ವಿವರಿಸಿದೆ. ಗುರಿ ಮಾತ್ರ ಗಾಳ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳಲ್ಲಿ ಬಸವಣ್ಣನವರು ಸಕಲ ಪ್ರಾಣಿಗಳಿಗೂ ಸಲ್ಲುವ ದಯೆಯನ್ನು ಧರ್ಮದ ಬೇರೆಂದು ಸಾರಿದರು. ವಿನೋದಕ್ಕಾಗಿ ಒಂದು ಜೀವವನ್ನು ಬಲ್ಲವರಾಗುವುದು, ಆ ಜೀವಕ್ಕಾಗಿ ಅದನ್ನು ಬಲ್ಲವರಾಗುವುದು, ಇವೆರಡರ ನಡುವಣ ದೂರವು ಪಡಸಾಲೆಯ ಗಾಜಿನ ತೊಟ್ಟಿಯಲ್ಲಿಯೂ ಇದೆ.

ಹಾಗಾದರೆ ಸಾಕಲೇಬಾರದೆ? ಬಿಟ್ಟುಬಿಡುವುದೇ ದಯೆಯೆಂದು ನೆರೆಯ ಹಿರಿಯರೊಬ್ಬರು ವಾದಿಸಿದರು. ಅಷ್ಟರಲ್ಲಿ ಉಳಿದೆರಡರಲ್ಲಿ ಹೆಣ್ಣುಮೀನು ಮರಿಹಾಕಿತ್ತು. ಗಪ್ಪಿಯು ಮೊಟ್ಟೆಯಿಡದೆ ತಿಂಗಳಿಗೊಮ್ಮೆಯಂತೆ ಜೀವಂತ ಮರಿಗಳನ್ನೇ ಹೆರುತ್ತದೆ. “ಹೊಳಿಗೆ ಬಿಟ್ಟು ಪುಣ್ಯ ಕಟ್ಟಿಕೊಳ್ರಿ ಮಾಸ್ತರ್ರ” ಎಂದರು ಅವರು. ನಾನು ಒಪ್ಪಲಿಲ್ಲ. ಗಪ್ಪಿಯ ತೌರು ದಕ್ಷಿಣ ಅಮೆರಿಕದ ಉತ್ತರಭಾಗ. ಸೊಳ್ಳೆಯ ಮರಿಹುಳುಗಳನ್ನು ತಿನ್ನುವುದೆಂದು ಅದನ್ನೂ, 1928ರಲ್ಲಿ ನಮ್ಮ ದೇಶಕ್ಕೆ ತಂದ ಗ್ಯಾಂಬೂಸಿಯವನ್ನೂ ಬಾವಿ ತೊಟ್ಟಿಗಳಿಗೆ ಬಿಡುವ ರೂಢಿಯುಂಟು. ಆದರೆ ಗ್ಯಾಂಬೂಸಿಯವು ದೇಶೀ ಮೀನಿನ ಮೊಟ್ಟೆಮರಿಗಳನ್ನೂ ಕಪ್ಪೆಯ ಮರಿಗಳನ್ನೂ ಬಿಡದು. ಜಗತ್ತಿನ ಅತಿ ಕೇಡಿನ ನೂರು ಹೊರಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಗಪ್ಪಿಯೂ ಗಟ್ಟಿ ಜೀವವೇ, ಹೊಳೆಯಲ್ಲಿಯೂ ಅದು ಗಟ್ಟಿಯೇ. ನಮ್ಮ ರಾಮದುರ್ಗವನ್ನು ದಾಟಿದ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇಲ್ಲಿ ಬಿಟ್ಟುದು ಇಲ್ಲಿಯೇ ನಿಲ್ಲದು. ಹಳ್ಳದ ದಡದ ಬಾವಿಯನ್ನೂ ನಾನು ನಂಬೆನು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿದಾಗ ಹೊಲ ಯಾವುದು, ಹಳ್ಳ ಯಾವುದು ಎಂದು ತಿಳಿಯದಾಗಿತ್ತು.

ಕೊನೆಗೆ ಗಾಜಿನ ತೊಟ್ಟಿಗಿಂತ ಹತ್ತುಪಟ್ಟು ನೀರು ಹಿಡಿಯುವ, ಹೊಳೆಗೆ ಹರಿದುಹೋಗುವ ದಾರಿಯಿಲ್ಲದ ಸಿಮೆಂಟಿನ ಬಾನಿಯೊಂದನ್ನು ಹಿತ್ತಲಿನ ಎತ್ತರದ ಕಟ್ಟೆಯ ಮೇಲೆ ಇರಿಸಿದೆವು. ಅರ್ಧಕ್ಕೆ ನೆರಳು, ಅರ್ಧಕ್ಕೆ ಬಿಸಿಲು. ತಳದಲ್ಲಿ ತೊಳೆಯದ ಮರಳು. ನೀರು ತುಸು ಹಸಿರಾಗಿದೆ. ಬಂದವರು, “ಏನ್ರಿ ಮಾಸ್ತರ್ರ, ಬಾನಿ ತಿಕ್ಕಿಸಿಲ್ಲೇನ್ರಿ?” ಎಂದು ಕೇಳುತ್ತಾರೆ.